ಸಿಗ್ನಲ್ ಎಲ್ಲಿಗೆ ಮುಗಿಯುತ್ತದೆ? ನೆಟ್‌ವರ್ಕ್ ವ್ಯಾಪ್ತಿಯ ಗಡಿಯನ್ನು ನಕ್ಷೆಗೆ ಇಳಿಸುವ ಲೆಕ್ಕಾಚಾರ

ವ್ಯಾಪ್ತಿ ನಕ್ಷೆಯಲ್ಲಿ ಬಣ್ಣ ತುಂಬಿರುವ ಜಾಗದಲ್ಲಿ ಫೋನ್ ಸತ್ತಂತೆ ಬಿದ್ದಿರುತ್ತದೆ, ಬಣ್ಣವೇ ಇಲ್ಲದ ಕಡೆ ಎರಡು ಕಡ್ಡಿ ತೋರಿಸುತ್ತದೆ. ನಕ್ಷೆ ಮಾಡಿದವರು ಸುಳ್ಳು ಹೇಳಿದ್ದಾರೆ ಎಂದೇನಲ್ಲ. ರೇಡಿಯೊ ಅಲೆ ದೂರ ಹೋದಂತೆಲ್ಲ ಸೊರಗುತ್ತದೆ, ಆದರೆ ಇಂಥಲ್ಲಿಗೆ ನಿಂತಿತು ಎನ್ನುವ ಜಾಗ ಅದಕ್ಕಿಲ್ಲ. ಗೆರೆ ಎಳೆಯುವವರು ನಾವು. ಆದ್ದರಿಂದ ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ತೆರೆಯುವ ಮುಂಚೆಯೇ ನಾಲ್ಕು ವಿಷಯ ತೀರ್ಮಾನವಾಗಿರಬೇಕು: ಯಾವ ಅಳತೆ, ಎಷ್ಟು ಡಿಬಿಎಂ (ಸಿಗ್ನಲ್ ಶಕ್ತಿಯ ಮಾನ; ಸೊನ್ನೆಯಿಂದ ಕೆಳಗಿಳಿದಷ್ಟೂ ಸಿಗ್ನಲ್ ದುರ್ಬಲ), ಎಷ್ಟು ಶೇಕಡಾ ಖಾತರಿ, ಮತ್ತು ಫೋನ್ ಇರುವುದು ಬಯಲಿನಲ್ಲೋ, ಕಾರಿನೊಳಗೋ, ಮನೆಯೊಳಗೋ.

4ಜಿಯಲ್ಲಿ ಗಡಿಗೆ ಬಳಸುವ ಅಳತೆ ಆರ್‌ಎಸ್‌ಆರ್‌ಪಿ, ಅಂದರೆ ಟವರಿನ ಗುರುತು ಸಂಕೇತ ಫೋನಿಗೆ ಮುಟ್ಟುವಾಗ ಉಳಿದಿರುವ ಶಕ್ತಿ. ಫೋನ್ ಇದನ್ನು -44ರಿಂದ -140 ಡಿಬಿಎಂವರೆಗೆ ವರದಿ ಮಾಡುತ್ತದೆ. -80 ಇದ್ದರೆ ಚಿಂತೆಯಿಲ್ಲ, -100ರ ಆಸುಪಾಸಿನಲ್ಲಿ ಕೆಲಸ ನಡೆಯುತ್ತದೆ, -110 ದಾಟಿದ ಮೇಲೆ ವೇಗ ಕುಸಿಯುತ್ತದೆ, -120ರಲ್ಲಿ ಕರೆ ಕಡಿಯದೆ ಉಳಿದರೆ ಅದೃಷ್ಟ. ಇದನ್ನು ಆರ್‌ಎಸ್‌ಎಸ್‌ಐ ಜೊತೆ ಬೆರೆಸಬಾರದು. ಆರ್‌ಎಸ್‌ಎಸ್‌ಐ ಎಂದರೆ ಇಡೀ ಬ್ಯಾಂಡಿನ ಒಟ್ಟು ಶಕ್ತಿ. ಪಕ್ಕದ ಟವರಿನ ಅಲೆ, ಗದ್ದಲ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಆರ್‌ಎಸ್‌ಆರ್‌ಪಿ ಒಂದೇ ಒಂದು ಉಪವಾಹಕದ (ಬ್ಯಾಂಡನ್ನು ಹೋಳು ಮಾಡಿದ ಕಿರು ಆವರ್ತನದ) ಶಕ್ತಿ. 10 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ 600 ಉಪವಾಹಕಗಳಿರುವುದರಿಂದ ಎರಡರ ನಡುವೆ ಸುಮಾರು 27.8 ಡಿಬಿ ಅಂತರ ಬರುತ್ತದೆ. 20 ವ್ಯಾಟ್ ಅಂದರೆ 43 ಡಿಬಿಎಂ ಶಕ್ತಿಯನ್ನು ಪೂರ್ತಿಯಾಗಿ ಮಾದರಿಗೆ (ದೂರಕ್ಕೆ ತಕ್ಕಂತೆ ಸಿಗ್ನಲ್ ಎಷ್ಟು ಸೊರಗುತ್ತದೆಂದು ಲೆಕ್ಕ ಹಾಕುವ ಸೂತ್ರಕ್ಕೆ) ಉಣಿಸಿ, ಬಂದ ಉತ್ತರವನ್ನು ಆರ್‌ಎಸ್‌ಆರ್‌ಪಿ ಎಂದು ಓದುವುದು ಈ ಕೆಲಸದ ಅತಿ ದುಬಾರಿ ತಪ್ಪು. ಕೊಡಬೇಕಾದದ್ದು 43ರಿಂದ 27.8 ಕಳೆದು ಉಳಿಯುವ 15.2 ಡಿಬಿಎಂ. ಹಾಟಾ ಮಾದರಿಯಲ್ಲಿ 30 ಮೀಟರ್ ಎತ್ತರದ ಆಂಟೆನಾಗೆ ದೂರ ಹತ್ತು ಪಟ್ಟಾದಾಗ ನಷ್ಟ 35 ಡಿಬಿಯಷ್ಟು ಏರುತ್ತದೆ. ಆ ಲೆಕ್ಕದಲ್ಲಿ 27.8 ಡಿಬಿ ತಪ್ಪಿದರೆ ತ್ರಿಜ್ಯ ಆರು ಪಟ್ಟು ಹಿಗ್ಗುತ್ತದೆ. 3 ಡಿಬಿ ತಪ್ಪನ್ನೂ ಹಗುರವಾಗಿ ಕಾಣುವಂತಿಲ್ಲ. ತ್ರಿಜ್ಯದಲ್ಲಿ ಅದು ಶೇ 22, ವಿಸ್ತೀರ್ಣದಲ್ಲಿ ಶೇ 48.

ಖಾತರಿಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಮಾದರಿ ಕೊಡುವ ಸಂಖ್ಯೆ ನಡುಮಟ್ಟದ್ದು. -105ರ ಗೆರೆಯ ಮೇಲೆ ಸಾಲಾಗಿ ನೂರು ಕಡೆ ನಿಂತು ಅಳೆದರೆ ಐವತ್ತು ಕಡೆ ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಕಟ್ಟಡ, ಮರ, ದಿಣ್ಣೆಗಳ ನೆರಳಿನಿಂದಾಗುವ ಈ ಏರಿಳಿತಕ್ಕೆ 8 ಡಿಬಿ ಪ್ರಮಾಣ ವಿಚಲನೆ ಹಿಡಿಯುವುದು ವಾಡಿಕೆ. ಅಂಚಿನಲ್ಲಿ ಶೇ 75 ಖಾತರಿ ಬೇಕಿದ್ದರೆ 5.4 ಡಿಬಿ, ಶೇ 90 ಬೇಕಿದ್ದರೆ 10.3 ಡಿಬಿ ಮೀಸಲಿಡಬೇಕು. ಅಂದರೆ ಶೇ 90 ಖಾತರಿಗೆ -105ರ ಗಡಿಯನ್ನು ರಾಸ್ಟರಿನಲ್ಲಿ (ಚೌಕ ಚೌಕವಾಗಿ ಮೌಲ್ಯ ತುಂಬಿದ ನಕ್ಷೆಯಲ್ಲಿ) -95ರ ಸುಮಾರಿಗೆ ಎಳೆಯಬೇಕು. ಆಗ 4 ಕಿಲೋಮೀಟರ್ ವೃತ್ತ 2 ಕಿಲೋಮೀಟರಿಗೆ ಇಳಿಯುತ್ತದೆ, ವಿಸ್ತೀರ್ಣ ಕಾಲು ಭಾಗವಾಗುತ್ತದೆ. ಟವರ್ ಅದೇ, ಆಂಟೆನಾ ಅದೇ. ಎರಡು ಕಂಪನಿಗಳ ನಕ್ಷೆಯನ್ನು ಅಕ್ಕಪಕ್ಕ ಇಟ್ಟು ಯಾರದು ದೊಡ್ಡದು ಎಂದು ನೋಡುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು. ಮನೆಯೊಳಗಿನ ವ್ಯಾಪ್ತಿ ತೋರಿಸಬೇಕಾದರೆ ಗೋಡೆಗೆಂದು ಇನ್ನೂ 10ರಿಂದ 20 ಡಿಬಿ ಕಳೆಯಬೇಕು.

ಇನ್ನು ದತ್ತಾಂಶ. ಡ್ರೈವ್ ಟೆಸ್ಟ್ (ಕಾರಿನಲ್ಲಿ ಸುತ್ತಿ ಸಿಗ್ನಲ್ ಅಳೆಯುವುದು) ಕಡತ ಸಿಎಸ್‌ವಿ ರೂಪದಲ್ಲಿ ಬರುತ್ತದೆ. ಲೇಯರಾಗಿ ಸೇರಿಸುವಾಗ ಎಕ್ಸ್‌ಗೆ ರೇಖಾಂಶ, ವೈಗೆ ಅಕ್ಷಾಂಶ; ತಿರುವುಮುರುವಾದರೆ ಬಿಂದುಗಳು ಬೇರೆ ಖಂಡದಲ್ಲೋ ಸಮುದ್ರದಲ್ಲೋ ಬೀಳುತ್ತವೆ, ಇದು ಕಣ್ಣಿಗೆ ಹೊಡೆಯುವುದರಿಂದ ಅಪಾಯವಿಲ್ಲ. ಅಪಾಯ ಇರುವುದು ಕಾಣದ ತಪ್ಪುಗಳಲ್ಲಿ. ಆಂಡ್ರಾಯ್ಡ್ ಫೋನಿನ ಕಡತದಲ್ಲಿ ಸಿಗ್ನಲ್ ಕಾಲಂನಲ್ಲಿ 2147483647 ಎಂಬ ಸಂಖ್ಯೆ ಕಂಡರೆ ಅದು ಅಳತೆಯಲ್ಲ, ‘ಮೌಲ್ಯ ಲಭ್ಯವಿಲ್ಲ’ ಎಂಬ ಗುರುತು. ಸರಾಸರಿಯೊಳಗೆ ಅದೊಂದು ನುಸುಳಿದರೆ ಇಡೀ ಲೆಕ್ಕ ಹಾಳು. ಹಾಗೆಂದು ಆ ಸಾಲುಗಳನ್ನೆಲ್ಲ ಕಣ್ಣುಮುಚ್ಚಿ ಅಳಿಸಿದರೆ ಇನ್ನೊಂದು ಎಡವಟ್ಟು: ಅವುಗಳಲ್ಲಿ ಕೆಲವು ನಿಜಕ್ಕೂ ಸಿಗ್ನಲ್ ಇಲ್ಲದ ಜಾಗಗಳು. ಅವು ಹೋದರೆ ನಕ್ಷೆಯಲ್ಲಿ ಉಳಿಯುವುದು ಸಿಗ್ನಲ್ ಇದ್ದ ಬಿಂದುಗಳು ಮಾತ್ರ, ವ್ಯಾಪ್ತಿ ಎಲ್ಲೆಲ್ಲೂ ಚೆನ್ನಾಗಿಯೇ ಕಾಣುತ್ತದೆ. ಸೇವೆಯ ಸ್ಥಿತಿ ಎಂಬ ಕಾಲಂ ನೋಡಿ, ಸೇವೆ ಇಲ್ಲ ಎಂದಿರುವ ಸಾಲುಗಳನ್ನು -140 ಎಂದು ತುಂಬಿ ಉಳಿಸಿಕೊಳ್ಳಿ. ಉಳಿದ ದೋಷದ ಸಾಲುಗಳನ್ನು ತೆಗೆಯಿರಿ.

ಬಿಡಿ ಅಳತೆಯನ್ನು ನಂಬುವಂತಿಲ್ಲ. ಕೆಲವೇ ಸೆಂಟಿಮೀಟರ್ ಜರುಗಿದರೂ ಮೌಲ್ಯ ಕುಣಿಯುತ್ತದೆ. ಈ ಕುಣಿತ ಅಳಿಸಲು 40 ತರಂಗಾಂತರದಷ್ಟು ದೂರದಲ್ಲಿ 36ರಿಂದ 50 ಅಳತೆಗಳನ್ನು ಸರಾಸರಿ ಮಾಡಬೇಕೆಂಬ ನಿಯಮವಿದೆ. 900 ಮೆಗಾಹರ್ಟ್ಸ್‌ನಲ್ಲಿ ಆ ದೂರ ಸುಮಾರು 13 ಮೀಟರ್. ಗಂಟೆಗೆ 60 ಕಿಲೋಮೀಟರ್ ಓಡುವ ಕಾರು ಸೆಕೆಂಡಿಗೆ 16.7 ಮೀಟರ್ ಸಾಗುತ್ತದೆ, ಫೋನ್ ಸೆಕೆಂಡಿಗೊಂದು ಅಳತೆ ಕೊಟ್ಟರೆ ಹೆಚ್ಚು. ನಿಯಮ ಪಾಲನೆ ಫೋನಿನಿಂದ ಆಗುವ ಮಾತಲ್ಲ. ಅದಕ್ಕೇ 50 ಅಥವಾ 100 ಮೀಟರ್ ಚೌಕಗಳ ಜಾಲ ಮಾಡಿ, ಒಂದೊಂದು ಚೌಕದಲ್ಲೂ ಮೀಡಿಯನ್ ತೆಗೆದು, ಎಷ್ಟು ಅಳತೆ ಬಿದ್ದಿವೆ ಎಂಬುದನ್ನೂ ಪಕ್ಕದ ಕಾಲಂನಲ್ಲಿ ಇಡುವುದು ಒಳ್ಳೆಯದು. ಸರಾಸರಿಯೇ ಬೇಕೆನ್ನುವವರು ಡಿಬಿಯಲ್ಲೋ ಮಿಲಿವ್ಯಾಟಿನಲ್ಲೋ ಎಂದು ಮೊದಲೇ ಹೇಳಬೇಕು. -70 ಮತ್ತು -110ರ ಸರಾಸರಿ ಡಿಬಿಯಲ್ಲಿ -90, ಮಿಲಿವ್ಯಾಟಿಗೆ ತಿರುಗಿಸಿ ಮಾಡಿದರೆ -73.

ಡ್ರೈವ್ ಟೆಸ್ಟ್ ನಡೆಯುವುದು ರಸ್ತೆಯಲ್ಲಿ. ಆ ಬಿಂದುಗಳನ್ನಷ್ಟೇ ಇಟ್ಟುಕೊಂಡು ಐಡಿಡಬ್ಲ್ಯು (ಹತ್ತಿರದ ಬಿಂದುಗಳಿಗೆ ಹೆಚ್ಚು ತೂಕ ಕೊಟ್ಟು ಅಳೆಯದ ಜಾಗಕ್ಕೆ ಮೌಲ್ಯ ಊಹಿಸುವ ಸಾಧನ) ಓಡಿಸಿದರೆ ರಸ್ತೆಯಿಂದ 3 ಕಿಲೋಮೀಟರ್ ಆಚೆಯ ಗುಡ್ಡಕ್ಕೂ ರಸ್ತೆಯ ಮೌಲ್ಯವೇ ಬಳಿದಂತಾಗುತ್ತದೆ. ರಸ್ತೆಯ ಎರಡೂ ಬದಿ 200 ಮೀಟರ್ ಬಫರ್ ಹಾಕಿ ಆಚೆಯದನ್ನು ಕತ್ತರಿಸಿ ಹಾಕಿ. ಅದರಾಚೆಗೆ ಬೇಕಾದದ್ದು ಮಾದರಿ.

ಮಾದರಿಗೆ ಟವರಿನ ಸ್ಥಳ, ಆಂಟೆನಾ ಎತ್ತರ, ಅಜಿಮತ್, ಟಿಲ್ಟ್ (ಆಂಟೆನಾ ಕೆಳಕ್ಕೆ ಬಾಗಿದ ಕೋನ), ಹೊರಡುವ ಶಕ್ತಿ ಬೇಕು. ಅಜಿಮತ್ ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸುವ ಕೋನ. ದಿಕ್ಸೂಚಿಯಿಂದ ಅಳೆದಿದ್ದರೆ ಅದು ಕಾಂತೀಯ ಉತ್ತರ, ಆ ಜಾಗದ ಕಾಂತೀಯ ವ್ಯತ್ಯಾಸವನ್ನು ಸರಿಪಡಿಸದೆ ಬಳಸಬಾರದು. ಮುಕ್ತ ದತ್ತಸಂಚಯಗಳಲ್ಲಿ ಸಿಗುವ ‘ಟವರ್ ಸ್ಥಳ’ಗಳ ಬಗ್ಗೆಯೂ ಎಚ್ಚರವಿರಲಿ: ಅವು ಬಹುಪಾಲು ಫೋನುಗಳ ಅಳತೆಯಿಂದ ಊಹಿಸಿದ ಬಿಂದುಗಳು, ರಸ್ತೆಯ ಕಡೆಗೆ ವಾಲಿರುತ್ತವೆ. ಕ್ಯೂಜಿಐಎಸ್‌ನ ವೆಜ್ ಬಫರ್ ಸಾಧನ ಅಜಿಮತ್, ಅಗಲ, ತ್ರಿಜ್ಯ ಕೊಟ್ಟರೆ ಚೆಂದದ ಬೀಸಣಿಗೆ ಬಿಡಿಸುತ್ತದೆ. ಸೆಕ್ಟರ್ (ಟವರಿನ ಒಂದು ಆಂಟೆನಾ ನೋಡಿಕೊಳ್ಳುವ ದಿಕ್ಕು) ಯಾವ ಕಡೆ ಮುಖ ಮಾಡಿದೆ ಎಂದು ತೋರಿಸಲು ಅದು ಸಾಕು. ವ್ಯಾಪ್ತಿ ಎಂದು ಕರೆಯಲು ಸಾಲದು. ಟಿಲ್ಟನ್ನೇ ನೋಡಿ. 30 ಮೀಟರ್ ಎತ್ತರದಲ್ಲಿ 4 ಡಿಗ್ರಿ ಕೆಳಗೆ ಬಾಗಿದ ಆಂಟೆನಾದ ನಡುಕಿರಣ ಸಮತಟ್ಟು ನೆಲವನ್ನು 430 ಮೀಟರಿನಲ್ಲೇ ಮುಟ್ಟುತ್ತದೆ. ಲಂಬ ಅಗಲ 6.5 ಡಿಗ್ರಿ ಇದ್ದರೆ ಕಿರಣದ ಮೇಲಂಚು ನೆಲ ಮುಟ್ಟುವುದು 2.3 ಕಿಲೋಮೀಟರಿನಲ್ಲಿ. ಟಿಲ್ಟ್ 2 ಡಿಗ್ರಿ ಬದಲಾದರೂ ಗಡಿ ಎಲ್ಲಿಂದೆಲ್ಲಿಗೋ ಸರಿಯುತ್ತದೆ.

ಭೂಎತ್ತರದ ರಾಸ್ಟರಿಗೆ 30 ಮೀಟರಿನ ಎಸ್‌ಆರ್‌ಟಿಎಂ ಅಥವಾ ಕೋಪರ್ನಿಕಸ್ ಎಂಬ ದತ್ತಾಂಶ ಸಾಕು. ಎಸ್‌ಆರ್‌ಟಿಎಂ 2000ದ ಫೆಬ್ರುವರಿಯದು, ಆಮೇಲೆ ಎದ್ದ ಕಟ್ಟಡ ಅದಕ್ಕೆ ಗೊತ್ತಿಲ್ಲ. ಇವು ಡಿಗ್ರಿಗಳಲ್ಲಿರುತ್ತವೆ, ಮೊದಲು ಆ ಪ್ರದೇಶದ ಮೀಟರಿನಲ್ಲಿ ಅಳೆಯುವ ಯುಟಿಎಂ ವಲಯಕ್ಕೆ ಬದಲಿಸದೆ, ಟವರ್ ಎಲ್ಲೆಲ್ಲಿಂದ ಕಾಣುತ್ತದೆಂದು ಲೆಕ್ಕ ಹಾಕುವ ವ್ಯೂಶೆಡ್ ಓಡಿಸಿದರೆ ದೂರದ ಮಿತಿ ಡಿಗ್ರಿ ಎಂದೇ ಅರ್ಥವಾಗುತ್ತದೆ, ಫಲಿತಾಂಶ ಅಸಂಬದ್ಧ. ಕ್ಯೂಜಿಐಎಸ್ ಜೊತೆ ಬರುವ ಜಿಡಿಎಎಲ್ ವ್ಯೂಶೆಡ್‌ನಲ್ಲಿ ಭೂಮಿಯ ವಕ್ರತೆಯ ಗುಣಾಂಕ 0.85714 ಎಂದು ಮೊದಲೇ ತುಂಬಿರುತ್ತದೆ. ಅದು ಕಣ್ಣಿಗೆ ಕಾಣುವ ಬೆಳಕಿನ ಲೆಕ್ಕ. ರೇಡಿಯೊ ಅಲೆ ಇನ್ನಷ್ಟು ಬಾಗುವುದರಿಂದ 0.75 ಕೊಡಬೇಕು. ಇಷ್ಟಾದರೂ ವ್ಯೂಶೆಡ್ ಹೇಳುವುದು ಟವರ್ ಕಾಣುತ್ತದೆಯೋ ಇಲ್ಲವೋ ಎಂದಷ್ಟೇ. 10 ಕಿಲೋಮೀಟರ್ ದಾರಿಯ ಮಧ್ಯದಲ್ಲಿ 900 ಮೆಗಾಹರ್ಟ್ಸ್‌ನ ಫ್ರೆನೆಲ್ ವಲಯದ (ನೇರ ದಾರಿಯ ಸುತ್ತ ಅಲೆಗೆ ತೆರವಿರಬೇಕಾದ ಜಾಗದ) ತ್ರಿಜ್ಯ 29 ಮೀಟರ್. ದಿಣ್ಣೆ ಅದರೊಳಕ್ಕೆ ತಲೆ ಹಾಕಿದರೆ ಟವರ್ ಕಂಡರೂ ಸಿಗ್ನಲ್ ಸೊರಗುತ್ತದೆ, ದಿಣ್ಣೆಯ ಹಿಂದೆ ಕಾಣದಿದ್ದರೂ ಅಲೆ ಒಂದಿಷ್ಟು ಬಾಗಿ ಇಳಿಯುತ್ತದೆ. ಗುಡ್ಡಗಾಡಿಗೆ ನೆಲದ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯುವ ಲಾಂಗ್ಲಿ-ರೈಸ್ ಮಾದರಿ ಬಳಸುವುದು ಮೇಲು. ಹಾಟಾ ಸೂತ್ರದ ಮಿತಿ 1ರಿಂದ 20 ಕಿಲೋಮೀಟರ್, 150ರಿಂದ 1500 ಮೆಗಾಹರ್ಟ್ಸ್, 30ರಿಂದ 200 ಮೀಟರ್ ಎತ್ತರ; 300 ಮೀಟರಿನ ಅಂತರಕ್ಕೂ ಅದನ್ನೇ ಎಳೆದು ತರುವವರಿದ್ದಾರೆ.

ಪ್ರತಿ ಸೆಕ್ಟರಿಗೊಂದು ರಾಸ್ಟರ್ ಸಿಕ್ಕಿತು ಎನ್ನಿ. ಎಲ್ಲವೂ ಒಂದೇ ಪಿಕ್ಸೆಲ್ ಅಳತೆ, ಒಂದೇ ಮೂಲೆಗೆ ಹೊಂದಿಕೊಂಡಿರಬೇಕು. ಸೆಲ್ ಸ್ಟಾಟಿಸ್ಟಿಕ್ಸ್ ಸಾಧನದಲ್ಲಿ (ಇಲ್ಲಿ ಸೆಲ್ ಎಂದರೆ ಪಿಕ್ಸೆಲ್) ಮ್ಯಾಕ್ಸಿಮಮ್ ಆರಿಸಿದರೆ ಒಟ್ಟು ವ್ಯಾಪ್ತಿ ಬರುತ್ತದೆ. ಕೂಡಿಸಬಾರದು, ಫೋನ್ ಸೇವೆ ಪಡೆಯುವುದು ಟವರಿನ ಒಂದು ಸೆಲ್‌ನಿಂದ. ಹೈಯೆಸ್ಟ್ ಪೊಸಿಶನ್ ಇನ್ ರಾಸ್ಟರ್ ಸ್ಟ್ಯಾಕ್ ಎಂಬ ಸಾಧನ ಯಾವ ಪಿಕ್ಸೆಲ್ ಯಾವ ಸೆಕ್ಟರಿನದು ಎಂದು ಹೇಳುತ್ತದೆ.

ಗಡಿ ತೆಗೆಯಲು ಪಿಕ್ಸೆಲ್‌ಗಳನ್ನು ಮಿತಿಯ ಮೇಲಿನವು, ಕೆಳಗಿನವು ಎಂದು ವರ್ಗ ಮಾಡಿ, ಅವನ್ನು ಆಕೃತಿಯಾಗಿಸುವ ಪಾಲಿಗನೈಜ್ ಒತ್ತಿದರೆ ಮೆಟ್ಟಿಲು ಮೆಟ್ಟಿಲಾದ ಅಂಚು ಬರುತ್ತದೆ. ಅದನ್ನು ಆಮೇಲೆ ನಯ ಮಾಡುವ ಬದಲು ಮೂಲ ರಾಸ್ಟರಿನ ಮೇಲೆಯೇ ಆಯ್ದ ಮಿತಿಯಲ್ಲಿ ಕಂಟೂರ್ ಪಾಲಿಗಾನ್ ತೆಗೆಯುವುದು ವಾಸಿ. ವರ್ಗ ಮಾಡಲೇಬೇಕಿದ್ದರೆ ಸೀವ್ ಬಳಸಿ ಚೂರುಗಳನ್ನು ತೊಲಗಿಸಿ. 30 ಮೀಟರ್ ಪಿಕ್ಸೆಲ್‌ನಲ್ಲಿ 11 ಪಿಕ್ಸೆಲ್ ಎಂದರೆ ಹತ್ತಿರ ಹತ್ತಿರ ಒಂದು ಹೆಕ್ಟೇರ್. ಆದರೆ ಸೀವ್ ದ್ವೀಪಗಳಂತೆ ರಂಧ್ರಗಳನ್ನೂ ನುಂಗುತ್ತದೆ. ಕಣಿವೆಯ ಒಂದು ಹಳ್ಳಿಯಷ್ಟು ದೊಡ್ಡ ರಂಧ್ರ ಉಳಿಯುವ ಹಾಗೆ ಮಿತಿ ಇಡಿ, ಚೆಂದಕ್ಕೆಂದು ರಂಧ್ರ ಮುಚ್ಚುವುದು ಸುಳ್ಳು ನಕ್ಷೆ. ವಿಸ್ತೀರ್ಣವನ್ನು ಆನ್‌ಲೈನ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್‌ನಲ್ಲಿ ಅಳೆಯಬೇಡಿ: 45 ಡಿಗ್ರಿ ಅಕ್ಷಾಂಶದಲ್ಲಿ ಅದು ಇಮ್ಮಡಿ ತೋರಿಸುತ್ತದೆ, 60ರಲ್ಲಿ ನಾಲ್ಕು ಪಟ್ಟು.

ಮಿತಿ, ಖಾತರಿ, ಫೋನಿನ ಎತ್ತರ, ಒಳಗೋ ಹೊರಗೋ, ದಿನಾಂಕ ಇಷ್ಟನ್ನೂ ಪಾಲಿಗಾನಿನ ಕಾಲಂಗಳಲ್ಲೇ ಬರೆದು ಜಿಯೊಪ್ಯಾಕೇಜ್ ಕಡತವಾಗಿ ಉಳಿಸಿ. ಶೇಪ್‌ಫೈಲ್ ಕಾಲಂ ಹೆಸರನ್ನು 10 ಅಕ್ಷರಕ್ಕೆ ಕತ್ತರಿಸುತ್ತದೆ, ಒಂದೇ ಥರ ಶುರುವಾಗುವ ಎರಡು ಹೆಸರುಗಳನ್ನು ಆಮೇಲೆ ಬೇರ್ಪಡಿಸುವುದು ತಲೆನೋವು.

ಕೊನೆಗೆ ತಾಳೆ. ಡ್ರೈವ್ ಟೆಸ್ಟಿನ ಐದನೇ ಒಂದು ಭಾಗವನ್ನು ಮಾದರಿಗೆ ತೋರಿಸದೆ ತೆಗೆದಿಟ್ಟು, ಆ ಬಿಂದುಗಳಲ್ಲಿ ರಾಸ್ಟರ್ ಮೌಲ್ಯ ಓದಿ ಅಳತೆಯಿಂದ ಕಳೆಯಿರಿ. ಸರಾಸರಿ ವ್ಯತ್ಯಾಸ ಎಲ್ಲ ಕಡೆ ಒಂದೇ ಥರ ಇದ್ದರೆ ಅಷ್ಟನ್ನು ಮಾದರಿಗೆ ಸೇರಿಸಿದರಾಯಿತು. ಒಂದೇ ಟವರಿನ ಸುತ್ತ ತಪ್ಪು ಗುಂಪುಗಟ್ಟಿದ್ದರೆ ಬಿಂದುಗಳಿಗೆ ಸೆಲ್ ಗುರುತಿನ ಪ್ರಕಾರ ಬಣ್ಣ ಹಾಕಿ. 4ಜಿ ಸೆಲ್ ಸಂಖ್ಯೆಯನ್ನು 256ರಿಂದ ಭಾಗಿಸಿದರೆ ಭಾಗಲಬ್ಧ ಟವರ್, ಶೇಷ ಸೆಲ್: 256003 ಎಂದರೆ 1000ನೇ ಟವರಿನ 3ನೇ ಸೆಲ್. ಪಿಸಿಐ (ಸೆಲ್ ಗುರುತಿಗೆಂದು ಪ್ರಸಾರ ಮಾಡುವ ಕಿರು ಸಂಖ್ಯೆ) ನೋಡಿ ಗುಂಪು ಮಾಡಬೇಡಿ, ಇರುವುದೇ 504, ಅವು ಮರುಬಳಕೆಯಾಗುತ್ತವೆ. ಒಂದನೇ ಸೆಕ್ಟರಿನ ಬೀಸಣಿಗೆಯ ತುಂಬ ಎರಡನೇ ಸೆಕ್ಟರಿನ ಬಣ್ಣ, ಎರಡನೆಯದರಲ್ಲಿ ಒಂದನೆಯದು ಕಂಡರೆ ಪಟ್ಟಿಯಲ್ಲಿ ಅಜಿಮತ್ ಅದಲುಬದಲಾಗಿರಬೇಕು, ಇಲ್ಲವೇ ಟವರಿನ ಮೇಲೆ ಕೇಬಲ್. ಪಟ್ಟಿ ನೋಡುವುದು ಸುಲಭ, ಅದನ್ನೇ ಮೊದಲು ನೋಡಿ. ಅಲ್ಲಿ ಎಲ್ಲವೂ ಸರಿಯಿದ್ದರೆ ಟವರ್ ಹತ್ತುವವರನ್ನು ಕಳಿಸಿ.