ಕ್ಷುದ್ರಗ್ರಹಕ್ಕೆ ಬಾಲ ಬಂದರೆ ಢಿಕ್ಕಿಯೇ ಆಗಿರಬೇಕೇ?

ಪ್ರಶ್ನೆ: ಮಂಗಳ ಮತ್ತು ಗುರುವಿನ ನಡುವೆ ಬಂಡೆಗಳು ಕಿಕ್ಕಿರಿದಿವೆ. ಅಲ್ಲಿನ ಕೆಲವು ಬಂಡೆಗಳಿಗೆ (ಕ್ಷುದ್ರಗ್ರಹಗಳಿಗೆ) ಬಾಲ ಮೂಡುವುದರಿಂದ ಅವನ್ನು 'ಧೂಮಕೇತು' ಎನ್ನುತ್ತಾರೆ. ಆ ಬಾಲ ಢಿಕ್ಕಿಯ ದೂಳಲ್ಲದೆ ಮತ್ತೇನು?

ಉತ್ತರ: ಮತ್ತದೇ ಪ್ರಶ್ನೆ! ಆ 'ಕಿಕ್ಕಿರಿದ' ಕ್ಷುದ್ರಗ್ರಹ ಪಟ್ಟಿ ಇರುವುದು ಸಿನಿಮಾದಲ್ಲಿ ಮಾತ್ರ. ಅಲ್ಲಿರುವುದನ್ನೆಲ್ಲ ಗುಡ್ಡೆ ಹಾಕಿದರೂ ನಮ್ಮ ಚಂದ್ರನ ತೂಕದ ನೂರಕ್ಕೆ ಐದು ಪಾಲೂ ಆಗದು. ಕಿಲೋಮೀಟರಿಗಿಂತ ದೊಡ್ಡ ಬಂಡೆಗಳ ನಡುವೆ ಸರಾಸರಿ ಲಕ್ಷಾಂತರ ಕಿಲೋಮೀಟರ್ ಖಾಲಿ. 1972ರಲ್ಲಿ ಹೊರಟ ಪಯೊನೀರ್ 10 ನೌಕೆ ಆ ಪಟ್ಟಿಯನ್ನು ಸುರಕ್ಷಿತವಾಗಿ ದಾಟಿತು. ಆಮೇಲೆ ಹೋದ ನೌಕೆಗಳೂ ಅಷ್ಟೇ.

ಢಿಕ್ಕಿ ಆಗುವುದೇ ಇಲ್ಲವೆಂದಲ್ಲ. 2010ರ ಡಿಸೆಂಬರಿನಲ್ಲಿ ಶೈಲಾ ಎಂಬ ಕ್ಷುದ್ರಗ್ರಹ ಏಟು ತಿಂದು ದೂಳೆಬ್ಬಿಸಿತು, ಆ ದೂಳು ಬೇಗನೆ ಚದುರಿಹೋಯಿತು. ಈಗ ಅದೇ ಪಟ್ಟಿಯಲ್ಲಿ ಸುತ್ತುವ 133ಪಿ ಎಲ್ಸ್ಟ್-ಪಿಝಾರೊ ಎಂಬ 'ಧೂಮಕೇತು'ವನ್ನು ನೋಡಿ. 1979ರಲ್ಲಿ ಅದು ಸಾಮಾನ್ಯ ಕ್ಷುದ್ರಗ್ರಹ. 1996ರಲ್ಲಿ ಬಾಲ ಕಂಡಿತು. 2002, 2007, 2013ರಲ್ಲಿ ಮತ್ತೆ ಮತ್ತೆ. ಅದರ ಒಂದು ಸುತ್ತಿಗೆ ಸುಮಾರು ಐದೂವರೆ ವರ್ಷ, ಬಾಲ ಮೂಡುವುದು ಸೂರ್ಯನಿಗೆ ಹತ್ತಿರವಾದ ಆಸುಪಾಸಿನಲ್ಲಿ. ಢಿಕ್ಕಿ ಹೊಡೆಯುವ ಕಲ್ಲು ಪಂಚಾಂಗ ನೋಡಿಕೊಂಡು ಬರುತ್ತದೆಯೇ? ಬಿಸಿಲು ತಾಗಿದಾಗ ದೂಳಿನಡಿಯ ಹಿಮ ನೀರಾಗದೆ ನೇರ ಆವಿಯಾಗುತ್ತದೆ, ಮೇಲಿನ ದೂಳನ್ನೂ ಎತ್ತಿಕೊಂಡು ಹೋಗುತ್ತದೆ.

'ಆವಿ ಕಂಡವರುಂಟೇ?' ಎಂದು ಕೇಳುವವರಿಗೆ ಬಹುಕಾಲ ಉತ್ತರವಿರಲಿಲ್ಲ, ಒಪ್ಪೋಣ. ವೆಬ್ ಬಾಹ್ಯಾಕಾಶ ದೂರದರ್ಶಕ 2022ರಲ್ಲಿ 238ಪಿ ರೀಡ್ ಎಂಬ ಇಂಥದೇ ಧೂಮಕೇತುವಿನ ಸುತ್ತ ನೀರಾವಿಯನ್ನು ಗುರುತಿಸಿತು, ಮರುವರ್ಷ ಅದು ಪ್ರಕಟವಾಯಿತು. ಸಾಮಾನ್ಯ ಧೂಮಕೇತುಗಳಲ್ಲಿ ಧಾರಾಳವಾಗಿರುವ ಇಂಗಾಲದ ಡೈಆಕ್ಸೈಡ್ ಮಾತ್ರ ಸಿಗಲಿಲ್ಲ. ಅದು ಎಂದೋ ಆರಿಹೋಯಿತೋ, ಮೊದಲೇ ಸೇರಿರಲಿಲ್ಲವೋ ಎಂಬುದು ಇನ್ನೂ ಚರ್ಚೆಯಲ್ಲಿದೆ. ನೀರಿದೆ ಎಂಬುದರಲ್ಲಿ ಚರ್ಚೆಯಿಲ್ಲ.

ನೀವು ಕೇಳದಿದ್ದರೂ ಒಂದು ಮಾತು: ಇವುಗಳ ಗಾತ್ರವನ್ನು ಅಳೆಯುವುದು ಬಾಲ ಇಲ್ಲದಾಗ. ದೂಳು ಸುತ್ತಿಕೊಂಡಿದ್ದರೆ ಒಳಗಿನ ಬಂಡೆಯ ಬೆಳಕು ಬೇರೆಯಾಗಿ ಸಿಗುವುದಿಲ್ಲ. ದೂಳು ಇಳಿದ ಮೇಲೆ ನೋಡಿದರೆ 133ಪಿ ಸುಮಾರು ನಾಲ್ಕು ಕಿಲೋಮೀಟರ್ ಅಗಲದ, ಇದ್ದಿಲಿನಷ್ಟು ಕಪ್ಪು ಬಂಡೆ. ಬೆಳಕಿನ ಏರಿಳಿತ ಲೆಕ್ಕ ಹಾಕಿದರೆ ಮೂರೂವರೆ ಗಂಟೆಗೊಮ್ಮೆ ತನ್ನ ಸುತ್ತ ತಿರುಗುತ್ತದೆ. ಇಷ್ಟು ವೇಗದ ತಿರುಗಾಟವೂ ದೂಳು ಹಾರಲು ಕೈಜೋಡಿಸುತ್ತದೆ.

ಕೆಲವು ಕಡೆ ಈ ತಿರುಗಾಟವೇ ಸಾಕು. 2013ರಲ್ಲಿ ಹಬಲ್ ದೂರದರ್ಶಕ ಅದೇ ಪಟ್ಟಿಯ 311ಪಿ ಎಂಬ ಇನ್ನೊಂದು ಕ್ಷುದ್ರಗ್ರಹಕ್ಕೆ ಆರು ಬಾಲಗಳಿರುವುದನ್ನು ಕಂಡಿತು. ಗಿರಗಿರ ತಿರುಗಿ ತಾನೇ ಮೈಯ ದೂಳು ಉದುರಿಸಿಕೊಂಡಿರಬೇಕೆಂಬ ಊಹೆಯೇ ಅಲ್ಲಿ ಬಲವಾಗಿದೆ. ತಮಾಷೆಯೆಂದರೆ, 2025ರಲ್ಲಿ ಚೀನಾ ಹಾರಿಸಿದ ಟಿಯಾನ್‌ವೆನ್-2 ನೌಕೆ 2035ರ ಸುಮಾರಿಗೆ ತಲುಪಬೇಕಿರುವುದು ಇದೇ 311ಪಿಯನ್ನು.