ಅಂಗೈ ಬೆವರು ಬರೀ ಹೆದರಿಕೆಯಲ್ಲ

ಪರೀಕ್ಷೆಯಲ್ಲಿ ಅಂಗೈ ಕೆಳಗೆ ಕರ್ಚೀಫು ಹಾಸಿಕೊಂಡು ಬರೆಯುವ ಮಕ್ಕಳಿರುತ್ತಾರೆ. ಕೈ ತಾಗಿದ ಕಡೆಯೆಲ್ಲ ಶಾಯಿ ಹರಡುತ್ತದೆ, ಹಾಳೆ ನೆಂದು ಸುರುಟಿಕೊಳ್ಳುತ್ತದೆ, ಪೆನ್ನು ಜಾರುತ್ತದೆ. ಮನೆಯಲ್ಲಿ ಹೇಳಿಕೊಂಡರೆ "ಸುಮ್ನೆ ಟೆನ್ಷನ್ ಮಾಡ್ಕೋಬೇಡ" ಅಂತಾರೆ. ಆದರೆ ಯಾವ ಟೆನ್ಷನ್ನೂ ಇಲ್ಲದೆ, ಚಳಿಗಾಲದಲ್ಲಿ ಫ್ಯಾನ್ ಕೆಳಗೆ ಕೂತಾಗಲೂ ಕೈಯಿಂದ ಹನಿ ತೊಟ್ಟಿಕ್ಕುತ್ತಿದ್ದರೆ ಅದು ಸ್ವಭಾವವಲ್ಲ, ಕಾಯಿಲೆ. ಹೈಪರ್‌ಹೈಡ್ರೋಸಿಸ್ ಅಂತ ಅದರ ಹೆಸರು.

ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಅಂಗೈ, ಅಂಗಾಲಿನಲ್ಲಿ ಅವು ಒತ್ತೊತ್ತಾಗಿರುತ್ತವೆ. ಈ ಕಾಯಿಲೆ ಇರುವವರ ಗ್ರಂಥಿಗಳು ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ. ಅವುಗಳಿಗೆ "ಬೆವರು ಬಿಡು" ಅಂತ ಹೇಳುವ ನರಗಳು ಮಾತ್ರ ಅಗತ್ಯಕ್ಕಿಂತ ಜಾಸ್ತಿ ಕೆಲಸ ಮಾಡುತ್ತವೆ. ಬೆವರಿತು ಅಂತ ನಾಚಿಕೆ, ನಾಚಿಕೆಗೆ ಮತ್ತಷ್ಟು ಬೆವರು. ಆದ್ದರಿಂದಲೇ ಎಲ್ಲರೂ ಇದನ್ನು ಪುಕ್ಕಲುತನ ಅಂದುಕೊಳ್ಳುವುದು.

ಗುರುತು ಹಿಡಿಯುವುದು ಕಷ್ಟವಲ್ಲ. ಸಾಮಾನ್ಯವಾಗಿ 25 ವಯಸ್ಸಿನೊಳಗೇ ಶುರುವಾಗುತ್ತದೆ, ಎರಡೂ ಕೈ, ಎರಡೂ ಕಾಲು ಅಥವಾ ಎರಡೂ ಕಂಕುಳು ಒಂದೇ ಥರ ಬೆವರುತ್ತವೆ, ವಾರಕ್ಕೊಮ್ಮೆಯಾದರೂ ಕಾಟ ಕೊಡುತ್ತದೆ, ಎಷ್ಟೋ ಸಲ ಅಪ್ಪನಿಗೋ ಅಕ್ಕನಿಗೋ ಇದೇ ತೊಂದರೆ ಇರುತ್ತದೆ. ಮುಖ್ಯವಾದ ಗುರುತು ಇನ್ನೊಂದಿದೆ: ನಿದ್ದೆಯಲ್ಲಿ ಕೈ ಒಣಗಿರುತ್ತದೆ.

ಇದಕ್ಕೆ ತದ್ವಿರುದ್ಧವಾಗಿ ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿ, ಜೊತೆಗೆ ಜ್ವರವೋ ತೂಕ ಇಳಿಯುವುದೋ ಇದ್ದರೆ ತಡ ಮಾಡಬೇಡಿ. ಕ್ಷಯವೂ ಕೆಲವು ಬಗೆಯ ಕ್ಯಾನ್ಸರೂ ಹೀಗೆ ಸುಳಿವು ಕೊಡುತ್ತವೆ. ಥೈರಾಯ್ಡ್ ಜಾಸ್ತಿಯಾದರೆ, ಮುಟ್ಟು ನಿಲ್ಲುವ ಕಾಲದಲ್ಲಿ, ಕೆಲವು ಮಾತ್ರೆಗಳಿಂದಲೂ ಮೈಯೆಲ್ಲ ಬೆವರಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ನಡುಗಿ ಬೆವರಿದರೆ ಸಕ್ಕರೆ ಕುಸಿದಿರಬಹುದು. ಎದೆ ನೋವಿನ ಜೊತೆ ತಣ್ಣನೆ ಬೆವರು ಬಂದರೆ ನೇರ ಆಸ್ಪತ್ರೆಗೆ.

ಬೆವರು ತಾನೇ, ಏನು ಮಹಾ ಅನ್ನುವವರು ಇದರ ಜೊತೆ ಬದುಕುವವರ ದಿನವನ್ನು ನೋಡಿಲ್ಲ. ರೇಷನ್ ಅಂಗಡಿಯ ಯಂತ್ರ ಹೆಬ್ಬೆಟ್ಟನ್ನು ಗುರುತಿಸದೆ ಹೋಗಬಹುದು. ಮೊಬೈಲ್ ಪರದೆ ಬೆರಳಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಕಾಲು ಚಪ್ಪಲಿಯಲ್ಲಿ ಜಾರುತ್ತದೆ, ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆಂದು ಫಂಗಸ್ ಸೇರುತ್ತದೆ. ಕೈ ಕುಲುಕಬೇಕಾಗುತ್ತದೆ ಅಂತ ಜನರಿಂದಲೇ ದೂರ ಉಳಿಯುವವರಿದ್ದಾರೆ, ಅದು ನನಗೆ ತುಂಬಾ ಬೇಸರದ ಸಂಗತಿ, ಯಾಕೆಂದರೆ ಇದಕ್ಕೆ ಚಿಕಿತ್ಸೆ ಇದೆ.

ಚರ್ಮದ ಡಾಕ್ಟರ ಹತ್ತಿರ ಹೋಗಿ. ಬೆವರುವ ಜಾಗಕ್ಕೆ ಅಯೋಡಿನ್ ಹಚ್ಚಿ, ಒಣಗಿದ ಮೇಲೆ ಪಿಷ್ಟದ ಪುಡಿ ಉದುರಿಸುವ ಒಂದು ಪರೀಕ್ಷೆ 1928ರಿಂದಲೂ ಇದೆ. ಬೆವರು ಜಿನುಗಿದಲ್ಲೆಲ್ಲ ಕಡುನೀಲಿ ಚುಕ್ಕೆ ಏಳುತ್ತದೆ. ಮೊದಲು ಸಾಮಾನ್ಯವಾಗಿ ಅಲ್ಯುಮಿನಿಯಂ ಕ್ಲೋರೈಡ್ ಇರುವ ಔಷಧ ಕೊಡುತ್ತಾರೆ, ರಾತ್ರಿ ಒಣ ಚರ್ಮಕ್ಕೆ ಹಚ್ಚಬೇಕು. ನೀರಿನಲ್ಲಿ ಕೈ ಇಟ್ಟು ಸಣ್ಣ ವಿದ್ಯುತ್ ಹರಿಸುವ ಚಿಕಿತ್ಸೆ, ಮಾತ್ರೆ, ಬೊಟಾಕ್ಸ್ ಚುಚ್ಚುಮದ್ದು ಆಮೇಲಿನವು. ನರ ಕತ್ತರಿಸುವ ಆಪರೇಷನ್‌ಗೆ ಮಾತ್ರ ಅವಸರ ಬೇಡ: ಕೈ ಒಣಗಿದ ಮೇಲೆ ಬೆನ್ನು, ಹೊಟ್ಟೆ ವಿಪರೀತ ಬೆವರಲು ಶುರುವಾಗಬಹುದು, ಅದನ್ನು ಸರಿಪಡಿಸುವುದು ಬಹಳ ಕಷ್ಟ.

ಡಾಕ್ಟರ ಮುಂದೆ ಕೂತಾಗ ಕೈ ಒಣಗಿದ್ದರೂ ಇರಬಹುದು. ಜಾಸ್ತಿ ಬೆವರಿದ ದಿನ ಒಂದು ಫೋಟೋ ತೆಗೆದಿಟ್ಟುಕೊಂಡು ಹೋಗಿ.