ಇಳಿಜಾರಿಗೆ ಇಳಿಯದ ನೀರು

ಊರೂ ಸಾಗರ, ಅಳೆಯೋದೂ ಸಾಗರ ಅಂತ ನೆಂಟರು ನನ್ನನ್ನು ಆಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಊರಿಗೆ ಹೋದರೆ ಚಿಕ್ಕಪ್ಪ ತೋಟದ ಕಾದಿಗೆ (ನೀರು ಬಸಿದುಹೋಗುವ ಕಾಲುವೆ) ಬಿಡಿಸುತ್ತಾ ಕೇಳುವುದು ಒಂದೇ: 'ಅಷ್ಟು ಮೇಲಿಂದ ಸಮುದ್ರದ ನೀರು ಹರಿಯೋದು ಹೆಂಗೆ ಕಾಣ್ತದೆ?'

ಕಾಣುವುದಿಲ್ಲ. ನಾನು ಬಳಸುವ ಉಪಗ್ರಹಗಳಿಗೆ ಗೊತ್ತಾಗುವುದು ನೀರಿನ ಮಟ್ಟ ಮಾತ್ರ. ರೇಡಾರ್ ಅಲೆ ಕೆಳಗೆ ಬಡಿದು ವಾಪಸ್ ಬರಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತೇವೆ. 1992ರಲ್ಲಿ ಹಾರಿದ ಟೋಪೆಕ್ಸ್-ಪೊಸೈಡನ್ 1,336 ಕಿಲೋಮೀಟರ್ ಎತ್ತರದಿಂದ ಕೆಲವೇ ಸೆಂಟಿಮೀಟರ್ ತಪ್ಪಿನೊಳಗೆ ಮಟ್ಟ ಹೇಳುತ್ತಿತ್ತು. ಲಿಂಗನಮಕ್ಕಿ ಎಷ್ಟು ಅಡಿ ತುಂಬಿತು ಅಂತ ದಿನಾ ಪೇಪರಿನಲ್ಲಿ ನೋಡುವವರಿಗೆ ಇದು ದೂರದ ವಿಷಯವಲ್ಲ.

ಮಟ್ಟ ಸಿಕ್ಕರೆ ಇಳಿಜಾರು ಸಿಕ್ಕಿತು. ಮಲೆನಾಡಿನವರು ಎಡವುವುದು ಇಲ್ಲೇ. ನಮ್ಮ ಕಾದಿಗೆಯಲ್ಲಿ ನೀರು ಇಳಿಜಾರಿಗೇ ಹೋಗುತ್ತದೆ, ಜೋಗದಲ್ಲಂತೂ ಕೇಳುವುದೇ ಬೇಡ. ಆದರೆ ನೂರಾರು ಕಿಲೋಮೀಟರ್ ಹರಡಿ ದಿನಗಟ್ಟಲೆ ನಡೆಯುವ ಹರಿವನ್ನು, ಭೂಮಿ ತಿರುಗುತ್ತಿರುವುದರಿಂದ, ಉತ್ತರಾರ್ಧದಲ್ಲಿ ಬಲಕ್ಕೆ ಎಳೆದ ಹಾಗಾಗುತ್ತದೆ, ಕೊನೆಗೆ ನೀರು ಕೆಳಗಿಳಿಯದೆ ಗುಡ್ಡದ ಸೊಂಟಕ್ಕೆ ಸುತ್ತು ಹಾಕುವ ರಸ್ತೆಯ ಹಾಗೆ ಅಡ್ಡಡ್ಡ ಹೋಗುತ್ತದೆ, ಎತ್ತರದ ನೀರನ್ನು ಬಲಗಡೆ ಇಟ್ಟುಕೊಂಡು. ನಮ್ಮ 14 ಡಿಗ್ರಿ ಅಕ್ಷಾಂಶದಲ್ಲಿ 100 ಕಿಲೋಮೀಟರಿಗೆ 10 ಸೆಂಟಿಮೀಟರ್ ಇಳಿಜಾರಿದ್ದರೆ ಗಂಟೆಗೆ ಸುಮಾರು 1 ಕಿಲೋಮೀಟರ್ ವೇಗ. ಸಮಭಾಜಕದ ಮೇಲೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಎಲ್ಲ ಇಳಿಜಾರೂ ಹರಿವಲ್ಲ. ಗುರುತ್ವ ಎಲ್ಲೆಡೆ ಒಂದೇ ಸಮ ಇಲ್ಲ, ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರವೇ ಸುಮಾರು 100 ಮೀಟರ್ ತಗ್ಗಿದೆ. ಆ ತಗ್ಗಿಗೆ ನೀರು ನುಗ್ಗುವುದಿಲ್ಲ. ನಮ್ಮ ಅಳತೆಯಿಂದ ಅಂಥ ತಗ್ಗನ್ನು ಕಳೆಯಲು ಗುರುತ್ವದ ನಕ್ಷೆ ಬೇಕು. 2009ರ ಗೋಸೆ ಉಪಗ್ರಹ ಅದಕ್ಕೆಂದೇ ಹಾರಿದ್ದು.

ನನಗೆ ಇಷ್ಟವಾದ ಉದಾಹರಣೆ ನಮ್ಮ ಕರಾವಳಿಯದ್ದೇ. ಶರಾವತಿ ಕೆಂಪಗೆ ತುಂಬಿ ಹೊನ್ನಾವರದಲ್ಲಿ ಸಮುದ್ರ ಸೇರುವ ಮಳೆಗಾಲದಲ್ಲಿ ದಡದ ಹತ್ತಿರ ಸಮುದ್ರದ ಮಟ್ಟ ಜಾಸ್ತಿ ಇರಬೇಕು, ಅಲ್ವಾ? ಇಲ್ಲ, ಕಡಿಮೆ. ಎತ್ತರ ಇರುವುದು ಪಶ್ಚಿಮಕ್ಕೆ, ಹಾಗಾಗಿ ಪ್ರವಾಹ ದಕ್ಷಿಣಕ್ಕೆ. ಚಳಿಗಾಲದಲ್ಲಿ ದಡದಲ್ಲಿ ಮಟ್ಟ ಏರಿ ಪ್ರವಾಹ ಉತ್ತರಕ್ಕೆ ತಿರುಗುತ್ತದೆ. ಗಾಳಿ ಮೇಲ್ಪದರವನ್ನು ತಳ್ಳುವುದನ್ನು ಬೇರೆ ಲೆಕ್ಕ ಹಾಕಿ ಕೂಡಿಸುತ್ತೇವೆ.

ಕಷ್ಟ ಇರುವುದು ದಡದ ಪಕ್ಕದಲ್ಲೇ. ನೆಲದಿಂದ ಬಂದ ಪ್ರತಿಧ್ವನಿ ಸೇರಿ ಅಳತೆ ಕೆಡುತ್ತದೆ. 2013ರಲ್ಲಿ ಶ್ರೀಹರಿಕೋಟಾದಿಂದ ಹೋದ, ಇಸ್ರೋ ಮತ್ತು ಫ್ರಾನ್ಸ್ ಕೂಡಿ ಮಾಡಿದ ಸರಲ್ ಉಪಗ್ರಹ ಕಾ-ಬ್ಯಾಂಡ್ ಎಂಬ ಗಿಡ್ಡ ರೇಡಾರ್ ಅಲೆ ಬಳಸಿ ದಡಕ್ಕೆ ಇನ್ನಷ್ಟು ಹತ್ತಿರದವರೆಗೆ ಅಳೆಯಿತು. ಆದರೆ ಆ ಅಲೆಗೆ ಜೋರು ಮಳೆ ಆಗಿಬರುವುದಿಲ್ಲ. ಚಿಕ್ಕಪ್ಪನಿಗೆ ಇದೊಂದು ಮಾತ್ರ ವಿವರಿಸಬೇಕಾಗಲಿಲ್ಲ. ಜುಲೈನಲ್ಲಿ ಮನೆಯ ಡಿಶ್ ಸಿಗ್ನಲ್ಲೂ ಹೀಗೇ ಹೋಗುತ್ತದೆ.